ಜೋಡಿ ಪಂಜರದ ಗುಡ್ಡವ್ವ

ಗುಡ್ಡವ್ವ ನನಗೆ ಬಸ್ಸಿನಲ್ಲಿ ಪರಿಚಯವಾದವಳು. ಉಪ್ಪಿನಬೆಟಗೇರಿಯಿಂದ ಬರುತ್ತಾಳೆ, ಸೀಟು ಸಿಕ್ಕರೆ ಮಲಗಿಬಿಡುತ್ತಾಳೆ, ರಾಯಾಪುರ ಬಂತೆಂದು ಎಬ್ಬಿಸುವುದು ನನ್ನ ಪಾಲಿನ ಕೆಲಸ. ಅಲ್ಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವಳು ಇಲಿಗಳನ್ನು ನೋಡಿಕೊಳ್ಳುತ್ತಾಳೆ. ಪಂಜರ ತೊಳೆಯುವುದು, ನೀರಿಡುವುದು, ಸಂಜೆ ಸೊಂಟ ಹಿಡಿದುಕೊಂಡು ವಾಪಸ್ ಬಸ್ ಹತ್ತುವುದು. ನಿನ್ನ ಬಗ್ಗೆ ಬರೆಯುತ್ತೇನೆ ಎಂದಾಗ, ಬರೆಯಲು ಏನಿದೆ ಎಂದು ಆಕಳಿಸಿದಳು.

ಬಿಳಿ ಇಲಿಗಳ ತೊಡೆಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಸಿರುತ್ತಾರೆ. ಕೆಲವಕ್ಕೆ ಏನೂ ಕೊಡುವುದಿಲ್ಲ, ಕೆಲವಕ್ಕೆ ಕೀಮೋ ಇಂಜೆಕ್ಷನ್, ಕೆಲವಕ್ಕೆ ವಿಕಿರಣ, ಕೆಲವಕ್ಕೆ ಎರಡೂ. ವಿಕಿರಣಕ್ಕೆ ನಮ್ಮ ಕಡೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಎರಡೂ ಕೊಟ್ಟ ಇಲಿಗಳಿಗೆ ಗುಡ್ಡವ್ವ ಇಟ್ಟ ಹೆಸರು ‘ಜೋಡಿ’. ಜೋಡಿ ಇಲಿಗಳು ಮೊದಲು ಸೊರಗಿ ಮೂಲೆ ಹಿಡಿಯುತ್ತವೆ, ಆಹಾರ ಮೂಸುವುದೂ ಇಲ್ಲ. ಆಮೇಲೆ ಗಡ್ಡೆ ಇಳಿಯುತ್ತದೆ, ಉಳಿದ ಪಂಜರಗಳಲ್ಲಿ ಅಷ್ಟು ಇಳಿಯುವುದಿಲ್ಲ.

ಈ ನಡುವೆ ಅವಳ ಅಕ್ಕ ದುರಗವ್ವನಿಗೆ ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಆಯಿತು. ಹುಬ್ಬಳ್ಳಿಯ ಡಾಕ್ಟರು ಇಂಜೆಕ್ಷನ್, ಕರೆಂಟ್ ಎರಡನ್ನೂ ಕೂಡಿಸಿ ಕೊಡಬೇಕು ಎಂದರು. ದುರಗವ್ವ ಒಂದಕ್ಕೆ ಒಪ್ಪಿದಳು, ಎರಡಕ್ಕೆ ಸುತರಾಂ ಇಲ್ಲ. ಎರಡೂ ಕೂಡಿದರೆ ಜೀವ ತಡೆಯುವುದಿಲ್ಲ ಎಂಬ ಹೆದರಿಕೆ. ಸಾಲಿ ಟೀಚರಾಗಿರುವ ಮಗಳು ಪೂನಮ್ ಹೇಳಿ ಹೇಳಿ ಸುಸ್ತಾದಳು. ಕೊನೆಗೆ ಮುದುಕಿ ಒಂದು ಹಟ ಹಿಡಿದಳು. ಗುಡ್ಡವ್ವ ದಿನಾ ಕಣ್ಣಾರೆ ನೋಡುತ್ತಾಳಲ್ಲ, ಎರಡೂ ಕೊಟ್ಟ ಇಲಿ ಬದುಕುತ್ತದೆ ಎಂದು ಅವಳು ಹೇಳಲಿ, ನಾನೂ ತೆಗೆದುಕೊಳ್ಳುತ್ತೇನೆ ಎಂದಳು.

ಗುಡ್ಡವ್ವನ ಕುತ್ತಿಗೆಗೆ ಬಂದದ್ದು ಇಲ್ಲಿ. ಆ ಕೋಣೆಯಿಂದ ಯಾವ ಇಲಿಯೂ ಜೀವಂತ ಹೊರಗೆ ಹೋದದ್ದಿಲ್ಲ. ಗಡ್ಡೆ ಬೆಳೆದದ್ದೂ ಸಾಯುತ್ತದೆ, ಕರಗಿದ್ದೂ ಸಾಯುತ್ತದೆ. ಪ್ರಯೋಗ ಮುಗಿದ ದಿನ ಎಲ್ಲವನ್ನೂ ನೋವಾಗದಂತೆ ಕೊಂದು, ಒಳಗೆ ಏನಾಗಿದೆ ಎಂದು ತೆರೆದು ನೋಡುತ್ತಾರೆ. ಪಂಜರ ಹೊತ್ತು ಒಯ್ಯುವವಳು ಇವಳೇ. ಅಕ್ಕನಿಗೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ, ಖರೆ ಹೇಳಿದರೆ ಅಕ್ಕ ಉಳಿಯುವುದಿಲ್ಲ.

ಯಾವತ್ತೂ ಏನನ್ನೂ ಕೇಳದವಳು ಹೋಗಿ ಐಶ್ವರ್ಯಾ ಮೇಡಂ ಮುಂದೆ ನಿಂತಳು. ಈ ಪ್ರಯೋಗ ಮೇಡಮ್ಮಿನದೇ. ಜೋಡಿ ಪಂಜರದ ಒಂದು ಇಲಿಯ ಗಡ್ಡೆ ಕೈಗೆ ಹತ್ತದಷ್ಟು ಕರಗಿತ್ತು.

“ಅದೊಂದನ್ನಾರ ಕೊಲ್ಲದ ಬಿಡ್ರಿ ಮೇಡಂ. ಬದುಕೇತಿ ಅಂತ ನಮ್ಮಕ್ಕಗ ಹೇಳಾಕ ಬರತೈತಿ.”

ಐಶ್ವರ್ಯಾ ಕೆಟ್ಟವಳಲ್ಲ. ಕೂರಿಸಿ ಚಹಾ ಕೊಟ್ಟಳು. ಕೈಗೆ ಹತ್ತದ ಗಡ್ಡೆ ಒಳಗೆ ಉಳಿದಿರಬಹುದು, ತೆರೆದು ನೋಡದೆ ಅದು ಪೂರ್ತಿ ಹೋಗಿದೆ ಎಂದು ಹೇಗೆ ಹೇಳಲಿ, ನಿಮ್ಮ ಅಕ್ಕನಂಥವರಿಗಾಗಿಯೇ ಅಲ್ಲವೇ ಇದೆಲ್ಲ ಎಂದಳು. ನಾನಾಗಿದ್ದರೆ ಕಪ್ಪು ಕುಕ್ಕಿ ಎದ್ದು ಬರುತ್ತಿದ್ದೆ. ಗುಡ್ಡವ್ವ ಚಹಾ ಕುಡಿದು, ಕಪ್ಪು ತೊಳೆದಿಟ್ಟು ಬಂದಳು. ಮರುದಿನ ಮುಂಜಾನೆ ಜೋಡಿ ಪಂಜರವನ್ನು ತಾನೇ ಒಯ್ದು ಕೊಟ್ಟಳು.

ಅವತ್ತು ಸಂಜೆ ಅಕ್ಕನ ಮನೆಗೆ ಹೋದಾಗ ಪೂನಮ್ ಬಾಗಿಲಲ್ಲೇ ಕಣ್ಸನ್ನೆ ಮಾಡಿದಳು, ಬದುಕುತ್ತದೆ ಅಂದುಬಿಡು ಎಂದು. ಗುಡ್ಡವ್ವ ಅಕ್ಕನ ಪಕ್ಕದಲ್ಲಿ ಕೂತಳು. ಸುಳ್ಳು ಕಟ್ಟುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

“ಗಡ್ಡಿ ಕರಗತೈತಿ ಅಕ್ಕಾ. ಜೋಡಿ ಕೊಟ್ಟದ್ದಕ್ಕ ಎಲ್ಲಾಕ್ಕಿಂತ ಛಲೋ ಕರಗತೈತಿ. ಆದ್ರ ಒಂದೂ ಬದುಕೂದಿಲ್ಲ. ಜಡ್ಡಿಂದ ಅಲ್ಲ, ಕಡೀಕ ನಾವ ಕೊಲ್ತೀವಿ. ಇವತ್ತ ಮುಂಜಾನೆ ನಾನ ಒಯ್ದು ಕೊಟ್ಟ ಬಂದೇನಿ.”

ಪೂನಮ್ ಹಣೆ ಹಣೆ ಬಡಿದುಕೊಂಡಳು. ದುರಗವ್ವ ಸಾಬೂನಿಗೆ ಬಿರಿದ ತಂಗಿಯ ಕೈಯನ್ನು ಹೊರಳಿಸಿ ನೋಡಿದಳು.

“ಕಡೀಕ ನನ್ನನ್ನ ಯಾರೂ ಕೊಲ್ಲೂದಿಲ್ಲಲ್ಲ?”

“ಇಲ್ಲಕ್ಕಾ.”

“ಹಂಗಾದ್ರ ಎರಡೂ ತಗೋತೇನಿ. ನನ್ನ ಜೋಡಿ ನೀ ಬಾ.”

ಮುಂಜಾನೆ ಪಂಜರ ಒಯ್ಯುವಾಗ ಬಾರದ ಅಳು ಗುಡ್ಡವ್ವನಿಗೆ ಆಗ ಬಂತು.