ಶಾಲು ಹೊದಿಸಿದ ಮೇಲೆ ಉಳಿದ ಹೊತ್ತು

ಬೆಳಿಗ್ಗೆ ದೋಸೆಹಿಟ್ಟು ರುಬ್ಬಿದ್ದು, ಎರಡು ಲೋಡು ಬಟ್ಟೆ ಒಗೆದು ಮಡಚಿದ್ದು, ಮಗಳ ರಾಣಿ ವೇಷದ ಸೆರಗಿಗೆ ಪಿನ್ನು ಹಾಕಿದ್ದು, ಸಾಂಟಾ ಕ್ಲಾರಾದ ಅಂಗಡಿಯಿಂದ ಹಾರ ತಂದದ್ದು, ಆಮೇಲೆ ಫಾಸ್ಟರ್ ಸಿಟಿಗೆ ಹೋಗಿ ಮುಖ್ಯ ಅತಿಥಿಯನ್ನು ಕರೆತಂದದ್ದು. ಇಷ್ಟರಲ್ಲಿ ದಂಡವಾದದ್ದು ಕೊನೆಯದೊಂದೇ.

ಅತಿಥಿ ಎಂದರೆ ಅಲ್ಲಿ ತನ್ನ ಮಗನ ಮನೆಯಲ್ಲಿರುವ, ಬ್ರಿಟನ್ನಿನ ನಿವೃತ್ತ ನಟಿ. ಮಕ್ಕಳ ನಾಟಕದ ದಿನ ನಟಿಯೊಬ್ಬಳು ಬಂದು ಕೂತರೆ ನಮ್ಮ ಕನ್ನಡ ಸಂಘಕ್ಕೆ ತೂಕ ಬರುತ್ತದೆ ಎಂದು ಕಂಡುಹಿಡಿದವರು ಸಂಘದ ಕಾರ್ಯದರ್ಶಿ, ಅಂದರೆ ನಮ್ಮನೆಯವರು. ಆಕೆಯ ಒಂದು ಸಿನಿಮಾವನ್ನೂ ಅವರು ನೋಡಿಲ್ಲ.

ಸಭಾಂಗಣವನ್ನು ಐದಕ್ಕೆ ಬಿಟ್ಟುಕೊಡಬೇಕು. ನಾಟಕ ನಾಲ್ಕಕ್ಕೆ. ಮಗಳು ಬರುವುದು ಕೊನೆಯ ದೃಶ್ಯದಲ್ಲಿ, ನಾಲ್ಕೇ ಮಾತು. ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಆ ನಾಲ್ಕು ಮಾತನ್ನು ಎರಡು ತಿಂಗಳು, ಫ್ರೀವೇ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಲಿತಿದ್ದಳು.

ನಮ್ಮವರ ಸನ್ಮಾನ ಗೊತ್ತಲ್ಲ. ದೀಪ, ಪ್ರಾರ್ಥನೆ, ಹಾರ, ಶಾಲು, ಹಣ್ಣಿನ ಬುಟ್ಟಿ, ಒಂದೊಂದಕ್ಕೂ ಫೋಟೋ. ಆಕೆಯ ಜೀವನವೃತ್ತಾಂತವನ್ನು ನಮ್ಮನೆಯವರು ಮೂರು ಹಾಳೆ ಓದಿದರು, ಆಕೆಗೆ ಒಂದಕ್ಷರವೂ ತಿಳಿಯದ ಕನ್ನಡದಲ್ಲಿ. ಆಮೇಲೆ ಮೈಕು ಆಕೆಯ ಕೈಗೆ. ಅದೇ ಜೀವನವನ್ನು ಆಕೆ ಇಂಗ್ಲಿಷಿನಲ್ಲಿ ಮೊದಲಿಂದ ಶುರುಮಾಡಿದಳು. ಲಂಡನ್ನಿನ ರಂಗದ ಮೇಲೆ ಟ್ರೇ ಹಿಡಿದು ಬಂದುಹೋಗುವ ಕೆಲಸದವಳು, ಆಮೇಲೆ ಕೆಲಸದವಳನ್ನು ಗದರಿಸುವ ಯಜಮಾನಿ, ಟಿವಿಯಲ್ಲಿ ವರ್ಷಗಟ್ಟಲೆ ಪೊಲೀಸಿನವನ ತಾಯಿ. “ಸಿನಿಮಾದಲ್ಲಿ ಒಮ್ಮೆ ನಿಮ್ಮ ದೇಶದ ಮಹಾರಾಣಿಯೂ ಆಗಿದ್ದೆ. ದಿನಾ ಎರಡು ಗಂಟೆ ಮುಖಕ್ಕೆ ಕಂದು ಬಣ್ಣ ಬಳಿಯುತ್ತಿದ್ದರು!” ಎಂದು ನಕ್ಕಳು. ನಮ್ಮವರು ಚಪ್ಪಾಳೆ ತಟ್ಟಿದರು. ನಾಚಿಕೆಗೇಡು, ನಾನೂ ತಟ್ಟಿದೆ.

ಪಕ್ಕಕ್ಕೆ ಹೋಗಿ ಯಜಮಾನರ ತೋಳು ತಿವಿದೆ.

“ರೀ, ನಾಲ್ಕೂವರೆ ಆಯ್ತು. ಒಂದು ಚೀಟಿ ಕಳ್ಸಿ.”

“ಸುಮ್ನಿರೇ, ದೊಡ್ಡೋರು ಮಾತಾಡ್ತಿದಾರೆ.”

“ನಿಮ್ಮ ಮಗಳೂ ಮಾತಾಡ್ಬೇಕು.”

“ಅವಳ್ದು ನಾಲ್ಕೇ ಲೈನು ಕಣೇ, ಅಡ್ಜಸ್ಟ್ ಮಾಡೋಣ.”

ಅಡ್ಜಸ್ಟ್ ಆಯಿತು. ನಾಟಕ ಶುರುವಾದಾಗ ಐದಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಕಲಾವಿದೆಗೆ ಬೆನ್ನುನೋವು ಬಂತು. ಆಕೆಯ ಮಗ ಬಂದು ಕರೆದೊಯ್ದ. ಮಕ್ಕಳ ಒಂದು ಮಾತನ್ನೂ ಆಕೆ ಕೇಳಲಿಲ್ಲ. ಶಾಲು, ಬುಟ್ಟಿ ಎರಡೂ ಕುರ್ಚಿಯ ಮೇಲೇ ಉಳಿದವು. ಕೊನೆಯ ದೃಶ್ಯಕ್ಕೆ ಮುಂಚೆ ಸಭಾಂಗಣದವನು ಬಂದು ಬಾಗಿಲು ತೆರೆದು ನಿಂತ. ನಾಟಕ ಅಲ್ಲಿಗೇ ಮುಗಿಯಿತು. ಪರದೆಯ ಹಿಂದೆ ಮಗಳು ಕಿರೀಟವನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. “ಇಟ್ಸ್ ಫೈನ್, ಅಮ್ಮಾ,” ಎಂದಳು. ಕಾರಿನಲ್ಲಿ ಸೆರಗಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದಳು.

“ಶಾಲು, ಬುಟ್ಟಿ ನಾಳೆ ತಲುಪಿಸ್ಬೇಕು, ಸಂಘದ ಮರ್ಯಾದೆ,” ಎಂದರು ಮನೆಗೆ ಬಂದ ಕಾರ್ಯದರ್ಶಿಗಳು. ನಾನು ಬುಟ್ಟಿಯ ಪ್ಲಾಸ್ಟಿಕ್ಕು ಹರಿದೆ.

ರಾತ್ರಿಗೆ ಸಂಘದಲ್ಲಿ ಮಿಕ್ಕ ಪುಳಿಯೋಗರೆ, ಮೊಸರು, ಅತಿಥಿಯ ದ್ರಾಕ್ಷಿ. ತಟ್ಟೆ ಎತ್ತುವಾಗ ಮಗಳು ತಾನಾಗಿಯೇ ಆ ಶಾಲು ಹೊದ್ದು, ರಾಣಿಯ ಮಾತು ಹೇಳಲು ಫ್ರಿಜ್ಜಿನ ಮುಂದೆ ನಿಂತಳು. ಕೇಳಿ ಎಂದು ಅವಳಪ್ಪನನ್ನು ಸೋಫಾದಲ್ಲಿ ಕೂರಿಸಿದೆ. ಮೂರನೆಯ ಮಾತಿಗೇ ಅವರು ನಿದ್ದೆಹೋದರು. ನಾಲ್ಕನೆಯದನ್ನು ಅವಳು ದನಿ ತಗ್ಗಿಸದೆ ಹೇಳಿದಳು.