ಕಡಲ ದಾರಿಯ ಕೊನೆಯ ಎರಡು ಕಿಲೋಮೀಟರ್

ಬೆಳಗಿನ ಆರು ಗಂಟೆ. ಅಂಕೋಲೆಯ ಆಚೆ ಡಾಂಬರು ಮುಗಿಯುವಲ್ಲಿ ಬಸಕ್ಕ ಜೀಪು ನಿಲ್ಲಿಸಿ ಇಳಿಯುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಕಚ್ಚಾ ದಾರಿಯಲ್ಲಿ ಒಂದಷ್ಟು ದೂರ ನಡೆದು ನೋಡಿ ಬರುತ್ತಾರೆ. ಆಮೇಲೆ ನಾಲ್ಕೂ ಗಾಲಿಗಳ ಗಾಳಿ ಒಂದಿಷ್ಟು ಬಿಡುತ್ತಾರೆ. ದಾರಿಯ ಸಡಿಲ ಮರಳಿನಲ್ಲಿ ಮೆತ್ತಗಿನ ಗಾಲಿ ಹೂತುಹೋಗುವುದಿಲ್ಲ. ಜೀಪಿನಲ್ಲಿರುವ ಎಂಟು ಮಂದಿ ಕಲಘಟಗಿ ಕಡೆಯ ಹಿರಿಯರು. ಒಬ್ಬರೂ ಸಮುದ್ರ ಕಂಡವರಲ್ಲ.

"ಗಟ್ಟಿ ಹಿಡ್ಕೊಳ್ರಿ. ಬಾಯಾಗ ಎಲಿ-ಅಡಕಿ ಇದ್ರ ಉಗುಳಿಬಿಡ್ರಿ, ನಾಲಿಗಿ ಕಚ್ಕೋತೀರಿ!"

ಬೇರು, ಬಂಡೆ, ಕೆಂಪು ಕೊರಕಲು. ಎರಡು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷ.

ದೇವಿಕೊಪ್ಪದ ಬಸಕ್ಕನಿಗೆ ಈಗ ನಲವತ್ತೊಂಬತ್ತು. ಜೀಪು ಪತಿ ಮಾಳಪ್ಪ ಅವರದು. ಹನ್ನೊಂದು ವರ್ಷದ ಹಿಂದೆ ಅವರ ಕಣ್ಣು ಮಂಜಾದಾಗ ಜೀಪು ಕೊಳ್ಳಲು ಗಿರಾಕಿಗಳು ಬಂದರು. ಬಸಕ್ಕ ಕೀಲಿ ಕೊಡಲಿಲ್ಲ. ಕೆರೆಯಂಗಳದಲ್ಲಿ ಓಡಿಸಿ ಕಲಿತರು. ಮೊದಲ ವರ್ಷ ಮಾಳಪ್ಪ ಪಕ್ಕದಲ್ಲಿ ಕುಳಿತು, ಎಂಜಿನ್ ಸದ್ದು ಕೇಳಿಯೇ ಗೇರು ಹೇಳುತ್ತಿದ್ದರು.

"ಹೆಣ್ಮಗಳು ಘಟ್ಟ ಇಳಸ್ತಾಳಂತ ಅರ್ಧ ಮಂದಿ ಹತ್ತಲೇ ಇಲ್ರಿ. ಹತ್ತಿದವರು ದೇವರ ಹೆಸರು ಹೇಳ್ಕೋತ ಕುಂತಿದ್ರು."

ಎರಡನೇ ವರ್ಷ ಬಸಕ್ಕ ಒಂದು ತಪ್ಪು ಮಾಡಿದರು. ನಡೆಯಲಾರದ ಕಸ್ತೂರೆವ್ವಜ್ಜಿಗಾಗಿ ಜೀಪನ್ನು ನೀರಿನ ಹತ್ತಿರಕ್ಕೇ ಒಯ್ದರು. ಹಿಂದಿನ ಗಾಲಿಗಳು ಹೂತವು. ಸಮುದ್ರ ಏರತೊಡಗಿತು. ಎಲ್ಲರನ್ನೂ ಇಳಿಸಿ, ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ದಂಡೆಯ ಮೇಲೆ ಕೂರಿಸಿ ಬಂದರು. ಗಾಲಿ ತಿರುಗಿದಷ್ಟೂ ಆಳಕ್ಕಿಳಿಯಿತು. ಆಗ ಅಜ್ಜಿ ಕೂಗಿದಳು: "ತಂಗೀ, ನನ್ನ ಕೌದಿ ಹಾಸು!"

ಅಜ್ಜಿ ಹೊದ್ದು ಬಂದಿದ್ದ ಹಳೆ ಬಟ್ಟೆಯ ಕೌದಿಯನ್ನು ಗಾಲಿಯಡಿ ಹಾಸಿದರು. ಉಳಿದವರು ಹಿಂದಿನಿಂದ ನೂಕಿದರು. ಮೂರನೇ ಸಲಕ್ಕೆ ಜೀಪು ಜಿಗಿದು ಮೇಲೆ ಬಂತು. ಅಷ್ಟರಲ್ಲಿ ನೀರು ನಂಬರ್ ಪ್ಲೇಟ್ ಮುಟ್ಟಿತ್ತು. ಕೌದಿ ಚಿಂದಿಯಾಗಿತ್ತು.

"ಅಜ್ಜಿ ಬೈತಾಳ ಅನ್ಕೊಂಡಿದ್ದೆ. 'ಕೌದಿ ಮತ್ತ ಹೊಲೀತೀನಿ, ಅಳಬ್ಯಾಡ' ಅಂದ್ಲು. ತಪ್ಪು ನಂದ ಇತ್ರಿ."

ಅಂದಿನಿಂದ ಜೀಪು ದಂಡೆಯ ಮರಳಿನ ಅಂಚು ದಾಟಿಲ್ಲ. ನಡೆಯಲಾಗದವರನ್ನು ಬಸಕ್ಕ ಇನ್ನೊಬ್ಬರೊಂದಿಗೆ ಕುರ್ಚಿಯಲ್ಲಿ ಹೊತ್ತೊಯ್ಯುತ್ತಾರೆ. ವಾರಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಎರಡು ಸಲ ಈ ದಾರಿ. ಮಳೆಗಾಲದಲ್ಲಿ ಬಂದ್.

ಇವತ್ತು ಹಿರಿಯರು ತೆರೆ ಬಂದಾಗಲೆಲ್ಲ ಚೀರಿ ನಗುತ್ತಾರೆ. ಬಸಕ್ಕ ಜೀಪಿನ ಬಾಜು ನಿಂತೇ ಇದ್ದಾರೆ. ಜೀಪು ಹೂತ ಆ ದಿನ ಬಿಟ್ಟರೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ನೀರಿಗಿಳಿದಿಲ್ಲವಂತೆ.

"ನಾ ಇಲ್ಲೇ ನಿಂತು ತಲಿ ಎಣಸ್ತೀನ್ರಿ. ಎಂಟು ಬಂದಾವು, ಎಂಟೂ ತಿರುಗಿ ಹೋಗಬೇಕು."

ಆಸೆಯೇನೂ ಇಲ್ಲವೇ? ಹಿರಿಯರ ಮೇಲಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ:

"ಒಂದಿನ ಬ್ಯಾರೆ ಯಾರಾದ್ರೂ ಗಾಡಿ ಹೊಡೀಬೇಕ್ರಿ. ನಾನೂ ನಮ್ಮನಿಯವರೂ ಹಿಂದಿನ ಸೀಟಿನ್ಯಾಗ ಕುಂತು ಬರಬೇಕು. ಅವರಿಗೆ ಕಾಣೂದಿಲ್ಲ ಖರೆ. ಆದ್ರ ನೀರು ಕಾಲಿಗೆ ತಾಕತದಲ್ರಿ?"