ಸೂಜಿ ನಿಂತರೆ ವೇದಿಕೆಗೆ

ನನ್ನ ತಂಗಿಯನ್ನು ಮನೆಯಲ್ಲಿ ಚಟಪಟಿ ಎಂದೇ ಕರೆಯುತ್ತಿದ್ದೆವು. ಅವಳು ಬಾಯಿ ಮುಚ್ಚಿದ್ದನ್ನು ನಿದ್ದೆಯಲ್ಲೂ ಕಂಡವರಿಲ್ಲ. "ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು" ಎಂದು ಅಮ್ಮ ಬೈದರೆ, "ನಗಿಸೋ ಹೆಂಗಸಿಗೆ ಗಾದೆ ಇನ್ನೂ ಹುಟ್ಟಿಲ್ಲಮ್ಮಾ, ಅಷ್ಟರಲ್ಲಿ ನಾಲ್ಕು ಮಾತಾಡ್ಬಿಡ್ತೀನಿ" ಎನ್ನುತ್ತಿದ್ದಳು.

ಇಬ್ಬರೂ ಬಟ್ಟೆ ಕಾರ್ಖಾನೆಗೆ ದುಡಿಯುವವರು. ಅವಳು ಒಳಗೆ ಮಿಷನ್ನಿನ ಮೇಲೆ. ಕಾಲುನೋವಿನ ನಾನು ಮನೆಯಲ್ಲಿ ಗುಂಡಿ ಹಚ್ಚುತ್ತ. ಒಂದು ಸಂಜೆ ಸಭಾಭವನಕ್ಕೆ ಹಾಡುವವರು ಬರಲು ತಡವಾಗಿ ಜನ ಕುರ್ಚಿ ಬಡಿಯತೊಡಗಿದಾಗ, ಇವಳು ಹೋಗಿ ಮೈಕಿನ ಮುಂದೆ ನಿಂತಳು. ಒಬ್ಬಳೇ ನಿಂತು ಊರನ್ನು ನಗಿಸಿದ ಹೆಣ್ಣು ಅಲ್ಲಿಯವರೆಗೆ ನಮ್ಮಲ್ಲಿ ಇರಲಿಲ್ಲ.

"ಇಳಿಯೇ, ಮನೆಗೆ ಹೋಗಿ ಪಾತ್ರೆ ತೊಳಿ!" ಎಂದು ಒಬ್ಬ ಕೂಗಿದ.

"ತೊಳ್ದೇ ಬಂದೆ ಅಣ್ಣಾ. ನಿನ್ನ ಬಾಯೊಂದು ಉಳ್ಕೊಂಡಿತ್ತು."

ಭವನವೇ ಹೊಟ್ಟೆ ಹಿಡಿದುಕೊಂಡಿತು.

ಆಮೇಲೆ ಅದೇ ಅವಳ ಎರಡನೆಯ ಕೆಲಸ. ಹೊಸ ಮಾತನ್ನು ಮೊದಲು ನನ್ನೆದುರು ಹೇಳಿ ನೋಡುತ್ತಿದ್ದಳು. ನಾನು ಸುಲಭಕ್ಕೆ ನಗುವವಳಲ್ಲ. ಅವಳು ನೋಡುತ್ತಿದ್ದುದು ನನ್ನ ಕೈಯನ್ನು. ಸೂಜಿ ಓಡುತ್ತಲೇ ಇದ್ದರೆ ಆ ಮಾತು ಕಸಕ್ಕೆ. ನಿಂತರೆ ವೇದಿಕೆಗೆ.

ಕಾರ್ಖಾನೆಯಲ್ಲಿ ಕೆಲಸದ ಹೊತ್ತು ಹೊರಬಾಗಿಲಿಗೆ ಬೀಗ ಹಾಕುತ್ತಿದ್ದರು, ಹೆಂಗಸರು ಬೇಗ ಹೊರಡದಿರಲೆಂದು. ಒಮ್ಮೆ ಇಸ್ತ್ರಿ ಪೆಟ್ಟಿಗೆಯ ತಂತಿ ಸುಟ್ಟು ಹೊಗೆ ತುಂಬಿತು. ಬೀಗದ ಕೈ ಹುಡುಕುವಷ್ಟರಲ್ಲಿ ಇಬ್ಬರು ಎಚ್ಚರ ತಪ್ಪಿದ್ದರು. ಮರುದಿನವೂ ಅದೇ ಬೀಗ.

"ಕೇಳಕ್ಕಾ," ಎಂದು ತಂಗಿ ಎದುರು ಕೂತಳು. "ನಮ್ ಯಜಮಾನ್ರು ಬಲು ಶಿಸ್ತು. ಬೆಂಕಿ ಬಿದ್ರೂ, ಅದೂ ರಜಾ ಚೀಟಿ ಕೊಟ್ಟೇ ಹೊರಗ್ಹೋಗ್ಬೇಕು."

ಸೂಜಿ ನಿಂತಿತು.

"ನಿಂತ್ಬಿಡ್ತು!"

"ಹೆದರಿ ನಿಂತದ್ದು ಕಣೇ. ಆ ಭವನಾನೂ ಅವರದ್ದೇ. ಬೇಡ, ನನ್ನಾಣೆ."

"ನಿಂತದ್ದು ನಿಂತದ್ದೇ."

ಭವನದಲ್ಲಿ ಹೇಳಿಯೇಬಿಟ್ಟಳು. ಮುಂದಿನ ಸಾಲಿನಲ್ಲಿ ಯಜಮಾನರೇ ಕೂತಿದ್ದರು. ಜನ ಅವರ ಮುಖ ನೋಡಿದರು. ಮೊದಲು ನಕ್ಕವರು ಅವರೇ. ಆಮೇಲೆ ಅವಳ ಹತ್ತಿರ ಬಂದು ಮೆತ್ತಗೆ, "ಚೆನ್ನಾಗಿ ಹೇಳ್ತೀಯಮ್ಮ. ಮನೆ ಎಲ್ಲಿ?" ಎಂದು ಕೇಳಿದರು.

"ನಿಮ್ ಬೀಗ ಇಲ್ಲದ ಕಡೆ, ಸಾರ್."

ಅವಳ ಕೆಲಸ ಹೋಯಿತು. ಭವನವೂ ಹೋಯಿತು. ಇವಳು ಸುಮ್ಮನಿರುವವಳೇ? ಊಟದ ಬಿಡುವಿನಲ್ಲಿ ಕಾರ್ಖಾನೆ ಗೇಟಿನೆದುರು ಸ್ಟೂಲು ಹಾಕಿ, ಹತ್ತಿ ನಿಂತು, ಅದೇ ಮಾತು ಹೇಳಿದಳು. ಹೆಂಗಸರು ಕಂಬಿಯ ಒಳಗಿನಿಂದ ನಕ್ಕರು.

ಅಂದಿನಿಂದ ನಮ್ಮ ಮನೆಯೆದುರಿನ ಗೋಡೆಗೆ ಒಬ್ಬ ಒರಗಿ ನಿಲ್ಲತೊಡಗಿದ. ನಮ್ಮ ಬಾಗಿಲನ್ನೇ ನೋಡುತ್ತಿದ್ದ.

"ಟಿಕೆಟ್ ಇಲ್ದೆ ನೋಡೋ ಗಿರಾಕಿ," ಎಂದಳು ತಂಗಿ. ನನ್ನ ಸೂಜಿ ಓಡುತ್ತಲೇ ಇತ್ತು.

ಒಂದು ಸಂಜೆ ಗೋಡೆಯ ಹತ್ತಿರ ಅವನು ಕಾಣಲಿಲ್ಲ. ಅಬ್ಬ ಎಂದುಕೊಳ್ಳುವಷ್ಟರಲ್ಲಿ ಹೊರಗಡೆಯಿಂದ ನಮ್ಮ ಚಿಲಕ ಸರಿಯಿತು. ಬೀಗ ಕಚ್ಚಿದ ಸದ್ದು. ಅವಸರವಿಲ್ಲದ ಹೆಜ್ಜೆಗಳು ದೂರವಾದವು.

ತಂಗಿ ಬಾಗಿಲು ಜಗ್ಗಿ ನೋಡಿ, ಬಂದು ನನ್ನ ಪಕ್ಕ ಕೂತಳು.

"ಅಕ್ಕಾ, ಯಜಮಾನ್ರಿಗೆ ಜೋಕು ಅರ್ಥ ಆಗಿದೆ."

ನನ್ನ ಕೈ ನಿಂತಿತ್ತು. ಅದನ್ನೇ ನೋಡಿದಳು.

"ಬೀಗ ಒಡೆಯೋರು ಯಾರಾದ್ರೂ ಬರ್ಲಿ. ಇದನ್ನೂ ನಾಳೆ ಗೇಟಿನ ಹತ್ರ ಹೇಳ್ತೀನಿ."

ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.